ಭಾನುವಾರದ ಜಲಸೇವಕರು

ಕೆರೆಯನ್ನು ಉಳಿಸುವುದಕ್ಕೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕು, ಮಿಕ್ಕುದೆಲ್ಲ ತಾನಾಗಿಯೇ ಒದಗಿಬರುತ್ತದೆ ಎಂಬ ನಂಬಿಕೆಯು ನಮ್ಮ ನಗರದಲ್ಲಿ ಈಗ ಯಾರೂ ಪ್ರಶ್ನಿಸಬಾರದ ಧರ್ಮಸೂತ್ರದ ಪದವಿಗೇರಿದೆ. ಹೆಸರಘಟ್ಟ ರಸ್ತೆಯ ಇಕ್ಕೆಲದ ಕಾಲೇಜುಗಳಿಂದಲೂ ಪೀಣ್ಯದ ಕಾರ್ಖಾನೆಗಳಿಂದಲೂ ಹೆಬ್ಬಾಳದಾಚೆಯ ಗಾಜಿನ ಸೌಧಗಳಿಂದಲೂ ವಾರದ ಕೊನೆಯಲ್ಲಿ ಬಸ್ಸುಗಳಲ್ಲಿ ಬಂದಿಳಿಯುವ ತರುಣ ತರುಣಿಯರು, ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಕೈಗೆ ರಬ್ಬರಿನ ಗವಸು ಏರಿಸಿ, ಎರಡು ಮೂರು ಗಂಟೆಗಳ ಕಾಲ ಪ್ಲಾಸ್ಟಿಕ್ಕನ್ನು ಆಯ್ದು, ಜೊಂಡನ್ನು ಕಿತ್ತು, ಮೀನುಮರಿಗಳನ್ನು ನೀರಿಗೆ ಸುರಿದು, ಏರಿಯ ಮೇಲೆ ನಾಲ್ಕಾರು ಸಸಿಗಳನ್ನು ನೆಟ್ಟು, ಬ್ಯಾನರಿನ ಹಿಂದೆ ಸಾಲಾಗಿ ನಿಂತು ಚಿತ್ರ ತೆಗೆಸಿಕೊಂಡು, ಇಡ್ಲಿ ವಡೆಯ ಉಪಾಹಾರ ಮುಗಿಸಿ ಹಿಂದಿರುಗುವ ದೃಶ್ಯವು ಬಾಗಲಗುಂಟೆಯ ಆಸುಪಾಸಿನಲ್ಲಿ ವಾಸಿಸುವ ನಮಗೆ ಹೊಸದೇನೂ ಅಲ್ಲ. ಇದನ್ನು ಮತ್ಸ್ಯಸಂವರ್ಧನೆಯೆಂದೂ ಜಲಾನಯನ ಸಂರಕ್ಷಣೆಯೆಂದೂ ಕರೆಯುತ್ತಾರೆ. ಇದಕ್ಕೆ ಪ್ರಮಾಣಪತ್ರಗಳುಂಟು, ಅಂಕಗಳುಂಟು, ವಾರ್ಷಿಕ ವರದಿಗಳಲ್ಲಿ ಹೊಳಪು ಕಾಗದದ ಪುಟಗಳುಂಟು. ಇದನ್ನು ಪ್ರಶಂಸಿಸದೆ ಇರುವವನು ದೋಷೈಕದೃಷ್ಟಿಯವನೆಂಬ ಅಪವಾದಕ್ಕೆ ಗುರಿಯಾಗಬೇಕಾಗುತ್ತದೆ. ಆಗಲಿ. ಈ ಪದ್ಧತಿಯು ಕೆರೆಗಳಿಗೆ ಉಪಕಾರ ಮಾಡುತ್ತಿಲ್ಲವೆಂದೂ, ಅನೇಕ ಸಂದರ್ಭಗಳಲ್ಲಿ ಪ್ರತ್ಯಕ್ಷವಾಗಿ ಅಪಕಾರವನ್ನೇ ಮಾಡುತ್ತಿದೆಯೆಂದೂ ಹೇಳುವುದು ನನ್ನ ಉದ್ದೇಶ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿಯೇ ಮುಂದಿಡುವುದು ನ್ಯಾಯ. ಸರಕಾರ ಸೋತಿದೆ, ಪಾಲಿಕೆ ಮಲಗಿದೆ. ಹೀಗಿರುವಾಗ ನಾಗರಿಕರು ಕೈಹಾಕದೆ ಗತಿಯಿಲ್ಲ. ಯುವಕರಲ್ಲಿ ನೀರಿನ ವಿಷಯವಾಗಿ ಎಚ್ಚರ ಹುಟ್ಟಬೇಕು. ಕೆರೆಯ ಕೆಸರಿನಲ್ಲಿ ಒಮ್ಮೆ ಕಾಲಿಟ್ಟವನು ಜೀವಮಾನವಿಡೀ ಅದನ್ನು ಮರೆಯಲಾರ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು. ಈ ಮಾತುಗಳೆಲ್ಲದರ ಅಡಿಯಲ್ಲಿ ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ, ಅದೇ ಎಲ್ಲಕ್ಕೂ ಆಧಾರ: ಲಾಭವಾಗಲಿ ಬಿಡಲಿ, ಹಾನಿಯಂತೂ ಇಲ್ಲವಷ್ಟೆ! ಈ ಕೊನೆಯ ಮಾತೇ ನನ್ನ ಖಂಡನೆಯ ಮುಖ್ಯ ಗುರಿ.

ಈ ಸೇವೆಯ ವಂಶಾವಳಿ ಗೌರವಾರ್ಹವಾದದ್ದೆಂಬುದನ್ನು ಒಪ್ಪೋಣ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವರೂ ಮುಂದೆ ನಮ್ಮ ಬೆಂಗಳೂರಿನಲ್ಲಿಯೇ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನಕ್ಕೆಂದು ಒಂದು ದೊಡ್ಡ ಸಂಸ್ಥೆಯನ್ನು ಕಟ್ಟಿದವರೂ ಆದ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಓದುವ ಹುಡುಗನು ಹಳ್ಳಿಯ ಬದುಕನ್ನು ಹತ್ತಿರದಿಂದ ಕಂಡು ತನ್ನ ವಿದ್ಯೆಯ ಅಹಂಕಾರವನ್ನು ಕಳೆದುಕೊಳ್ಳಬೇಕೆಂಬುದು ಅದರ ಹಿಂದಿದ್ದ ಆಶಯ. ಸೇವೆಯಿಂದ ಸೇವಕನೇ ಶಿಕ್ಷಿತನಾಗುವನೆಂಬುದು ಅದರ ಪ್ರಾಮಾಣಿಕವಾದ ಒಪ್ಪಿಗೆ. ಎರಡು ವರ್ಷಗಳಲ್ಲಿ 240 ಗಂಟೆಗಳ ದುಡಿಮೆ, ಏಳು ದಿನಗಳ ಒಂದು ಶಿಬಿರ ಎಂಬ ನಿಯಮವು ಶಿಕ್ಷಣದ ದೃಷ್ಟಿಯಿಂದ ತಕ್ಕುದೇ ಆಗಿತ್ತು. ಆದರೆ ಆ ಬಳಿಕ ಬಂದವರು ಶಿಕ್ಷಣದ ಈ ಉಪಕರಣವನ್ನೇ ಸಂರಕ್ಷಣೆಯ ಉಪಕರಣವೆಂದು ಭಾವಿಸಿದರು. ಇಂಜಿನಿಯರಿಂಗ್ ವಿದ್ಯಾರ್ಥಿಯು ಪದವಿ ಪಡೆಯಬೇಕಾದರೆ 100 ಚಟುವಟಿಕೆ ಅಂಕಗಳನ್ನು ಸಂಪಾದಿಸಬೇಕೆಂದಾಯಿತು. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣದ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕೆಂದಾಯಿತು. ಅಂಕವನ್ನರಸುವ ವಿದ್ಯಾರ್ಥಿಗೂ ವೆಚ್ಚವನ್ನು ತೋರಿಸಬೇಕಾದ ಕಂಪನಿಗೂ ಸುಲಭವಾಗಿ, ಸಮೀಪದಲ್ಲಿ, ಚಿತ್ರದಲ್ಲಿ ಚೆನ್ನಾಗಿ ಕಾಣುವಂತೆ ದೊರೆಯುವ ರಂಗಭೂಮಿ ಯಾವುದು? ಕೆರೆ.

ಪರಿಣಾಮವಾಗಿ, ಸೇವೆಯ ಕಾಲವನ್ನು ನಿರ್ಣಯಿಸುವುದು ನೀರಿನ ಪಂಚಾಂಗವಲ್ಲ, ಸೆಮಿಸ್ಟರಿನ ಪಂಚಾಂಗ, ಮಾರ್ಚ್ ತಿಂಗಳ ಲೆಕ್ಕಪತ್ರದ ಪಂಚಾಂಗ. ಪರೀಕ್ಷೆಗೆ ಮುಂಚೆ ಅಂಕಗಳು ಭರ್ತಿಯಾಗಬೇಕು, ಆರ್ಥಿಕ ವರ್ಷ ಮುಗಿಯುವ ಮುನ್ನ ಹಣ ಖರ್ಚಾಗಬೇಕು. ಆದುದರಿಂದ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ, ನೀರು ತಗ್ಗಿ ಕೆರೆಯು ತನ್ನ ವರ್ಷದ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುವಾಗ, ಜನಸಂದಣಿ ಅದರ ಮೇಲೆ ಎರಗುತ್ತದೆ. ಬಾಣಂತಿಯನ್ನು ನೋಡಲು ಬಂದ ನೆಂಟರು ಮಗುವನ್ನು ಎತ್ತಿ ಆಡಿಸಿ, ಎಣ್ಣೆ ಹಚ್ಚುವ ಕ್ರಮದ ಬಗ್ಗೆ ಉಪದೇಶ ಹೇಳಿ, ಉಂಡು ಎದ್ದುಹೋದ ಮೇಲೆ ರಾತ್ರಿಯೆಲ್ಲ ನಿದ್ದೆಗೆಡುವವಳು ಮನೆಯ ಮುದುಕಿಯಷ್ಟೆ. ಕೆರೆಗಳ ಮಟ್ಟಿಗೆ ಆ ಮುದುಕಿಯನ್ನು ನಾವು ಎಂದೋ ಮನೆಯಿಂದ ಹೊರಹಾಕಿದ್ದೇವೆ.

ಆಕೆ ಯಾರೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಕೆರೆ ಕಟ್ಟಿಸಿದವರ ಹೆಸರಿನಷ್ಟೇ ಪದೇಪದೇ ಕಣ್ಣಿಗೆ ಬೀಳುವುದು ಬಿತ್ತುವಟ್ಟ, ದಶವಂದ, ಕೊಡಗಿ ಎಂಬ ಮಾತುಗಳು. ಅಂದರೆ ಕಟ್ಟಿದ ಕೆರೆಯನ್ನು ಮುಂದೆ ನೋಡಿಕೊಳ್ಳುವವನ ಜೀವನಕ್ಕೆಂದು ಬಿಟ್ಟುಕೊಟ್ಟ ಭೂಮಿಯ, ಬೆಳೆಯ ಪಾಲಿನ ಉಲ್ಲೇಖಗಳು. ಹೂಳೆತ್ತುವ ಬಂಡಿಗೆ, ಅದನ್ನು ಎಳೆಯುವ ಎತ್ತುಗಳಿಗೆ, ಹೊಡೆಯುವ ಆಳಿಗೆ ಬೇರೆಬೇರೆಯಾಗಿ ದತ್ತಿ ಬರೆಯಿಸಿದವರುಂಟು. ಕಟ್ಟುವ ಪುಣ್ಯ ಒಂದು ದಿನದ್ದು, ಕಾಯುವ ಕರ್ಮ ಪ್ರತಿದಿನದ್ದು, ಪ್ರತಿದಿನದ ಕೆಲಸಕ್ಕೆ ಪ್ರತಿದಿನದ ಅನ್ನವಿರಬೇಕು ಎಂಬ ವ್ಯಾವಹಾರಿಕ ವಿವೇಕ ಆ ಜನಕ್ಕಿತ್ತು. ಈಚಿನ ಶತಮಾನಗಳಲ್ಲಿ ಹಳೆಯ ಮೈಸೂರಿನ ಕೆರೆಕೆರೆಗೂ ಒಬ್ಬ ನೀರುಗಂಟಿಯಿದ್ದನು. ತೂಬನ್ನು ಎಂದು ಎಷ್ಟು ಎತ್ತಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಮೊದಲು ನೀರು, ಏರಿಯಲ್ಲಿ ಇಲಿ ಬಿಲ ತೋಡಿದೆಯೇ, ಕೋಡಿಯಲ್ಲಿ ಕಸ ಸಿಕ್ಕಿದೆಯೇ ಎಂಬುದೆಲ್ಲ ಅವನ ಹೊಣೆ. ಮಳೆಯ ರಾತ್ರಿ ಎಲ್ಲರೂ ಕಂಬಳಿ ಹೊದ್ದು ಮಲಗಿದಾಗ ಅವನು ಏರಿಯ ಮೇಲೆ ಲಾಟೀನು ಹಿಡಿದು ನಡೆಯಬೇಕು. ಈ ವ್ಯವಸ್ಥೆಯನ್ನು ನಾನು ಸತ್ಯಯುಗವೆಂದು ವರ್ಣಿಸಲಾರೆ. ಆ ಕೆಲಸ ಬಹುಪಾಲು ಊರುಗಳಲ್ಲಿ ಹುಟ್ಟಿನಿಂದ ಹೇರಿದ್ದು, ಊರಿನ ಅಂಚಿನಲ್ಲಿ ನಿಲ್ಲಿಸಲ್ಪಟ್ಟವರ ಮೇಲೆ ಬಿದ್ದದ್ದು. ಸುಗ್ಗಿಯಲ್ಲಿ ಆಯದ ಕಾಳಿಗಾಗಿ ಕಣದ ಬದಿಯಲ್ಲಿ ಕಾದು ನಿಲ್ಲಬೇಕಾಗಿದ್ದ ಅವನ ದೈನ್ಯವನ್ನು ಯಾರೂ ಮರಳಿ ಬಯಸಬಾರದು. ಅನ್ಯಾಯ ತೊಲಗಬೇಕಾಗಿತ್ತು. ಆದರೆ ಅನ್ಯಾಯದೊಡನೆ ಹುದ್ದೆಯೂ ತೊಲಗಿತು. ನಮ್ಮ ಕಡೆಯ ಅಚ್ಚುಕಟ್ಟುಗಳು ನಿವೇಶನಗಳಾಗಿ, 2007ರಲ್ಲಿ ದಾಸರಹಳ್ಳಿ ನಗರಸಭೆ ಮಹಾನಗರದೊಳಗೆ ಕರಗಿಹೋಗುವ ವೇಳೆಗೆ, ಕೆರೆಯ ನೀರಿನಿಂದ ಅನ್ನ ಉಣ್ಣುವ ಒಕ್ಕಲೂ ಇರಲಿಲ್ಲ, ಅದನ್ನು ಕಾಯುವ ಕೂಲಿಯೂ ಇರಲಿಲ್ಲ. ಬರಿದಾದ ಆ ಸ್ಥಾನಕ್ಕೆ ಸಂಬಳ ಕೊಟ್ಟು ಯಾರನ್ನಾದರೂ ಕೂರಿಸುವುದನ್ನು ಬಿಟ್ಟು ನಾವು ಭಾನುವಾರದ ಅತಿಥಿಗಳನ್ನು ಕರೆದೆವು.

ಇನ್ನು ಹಾನಿಯ ವಿಚಾರ. ಉತ್ತರ ಬೆಂಗಳೂರಿನ ಒಂದು ಕೆರೆಯಲ್ಲಿ ನಾನು ಕಂಡದ್ದನ್ನೇ ಹೇಳುತ್ತೇನೆ. ಕೆರೆಯ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬೇಕಾಗಿಲ್ಲ, ಏಕೆಂದರೆ ಇದು ಎಲ್ಲೆಡೆಯಲ್ಲಿಯೂ ನಡೆಯುವಂಥದು. ಬೆಳಗಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಆಮ್ಲಜನಕ ತುಂಬಿದ ಪಾಲಿಥೀನ್ ಚೀಲಗಳಲ್ಲಿ ಮೀನುಮರಿಗಳು ಬಂದವು. ಅರುವತ್ತರಷ್ಟು ಮಂದಿ ದಡದಲ್ಲಿ ನಿಂತಿದ್ದರು. ಗುತ್ತಿಗೆಯಲ್ಲಿ ಆ ಕೆರೆಯ ಮೀನು ಹಿಡಿಯುವ ನಡುವಯಸ್ಸಿನ ಒಬ್ಬನು ಥರ್ಮಾಕೋಲಿನ ತೆಪ್ಪವನ್ನು ದಡಕ್ಕೆ ನೂಕಿ ಓಡಿಬಂದು, "ಸಾರ್, ಅಂಗೇ ಸುರೀಬ್ಯಾಡಿ. ಚೀಲನ ಬಾಯಿ ಕಟ್ಟಿದಂಗೇ ನೀರ್ ಮ್ಯಾಲೆ ಒಸಿ ಹೊತ್ತು ತೇಲಾಕ್ ಬುಡಿ. ಒಳ್ಗಡೆ ನೀರು ತಣ್ಗೈತೆ, ಕೆರೆ ನೀರು ಕಾದೈತೆ" ಎಂದನು. ಕೈಯಲ್ಲಿ ಕ್ಯಾಮರಾ ಹಿಡಿದ ತರುಣನು ವಿನಯದಿಂದಲೇ, "ಅಣ್ಣಾ, ಬಸ್ಸಿಗೆ ಟೈಮಾಗ್ತಿದೆ, ಒಂದು ಫೋಟೋ ಆಗ್ಲಿ" ಎಂದನು. ಚೀಲಗಳ ಬಾಯಿ ಬಿಚ್ಚಿತು, ಚಪ್ಪಾಳೆಯಾಯಿತು. ಆ ಮೀನುಗಾರನು ಬೊಗಸೆಯಲ್ಲಿ ನಾಲ್ಕು ಮರಿಗಳನ್ನು ಎತ್ತಿ ನನ್ನ ಕಡೆ ಹಿಡಿದು, "ಕಿರುಬೆರಳಷ್ಟೂ ಇಲ್ಲ ಸ್ವಾಮಿ. ಕೊರವಕ್ಕೆ ಒಂದ್ ಹೊತ್ತಿನ ಊಟ" ಎಂದು ನಕ್ಕನು.

ಅವನ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತು. ಕಾಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಗೆಂಡೆಗಳು ನಿಂತ ಕೆರೆಯ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಪ್ರವಾಹದ ನದಿ ಬೇಕು. 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳಿಂದ ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದ ಮೇಲೆಯೇ ಮರಿಗಳು ಕೇಂದ್ರಗಳಲ್ಲಿ ತಯಾರಾಗಿ ಕೆರೆಗೆ ಬರುವಂತಾದುದು. ನಮ್ಮ ಹೆಸರಘಟ್ಟದಲ್ಲಿಯೇ ಈ ವಿದ್ಯೆಯನ್ನು ಅಭ್ಯಾಸ ಮಾಡುವ ಮತ್ಸ್ಯಸಂಶೋಧನಾ ಕೇಂದ್ರಗಳಿವೆ. ಆದುದರಿಂದ ಕೆರೆಗೆ ಮರಿ ಬಿಡುವುದು ತಪ್ಪಲ್ಲ, ಅವಶ್ಯ. ಆದರೆ ಕೆರೆಯ ದೊಡ್ಡ ನೀರಿಗೆ ಬಿಡುವ ಮರಿ ಬೆರಳುದ್ದ ಬೆಳೆದಿರಬೇಕು, ಮಳೆ ಬಂದು ನೀರು ಏರಿದ ಮೇಲೆ ಬಿಡಬೇಕು, ತಂಪು ಹೊತ್ತಿನಲ್ಲಿ ಬಿಡಬೇಕು, ಎರಡು ನೀರಿನ ಶಾಖ ಸಮವಾಗುವವರೆಗೆ ಕಾಯಬೇಕು. ಈ ನಾಲ್ಕು ನಿಯಮಗಳಲ್ಲಿ ಒಂದನ್ನೂ ಕಾರ್ಯಕ್ರಮದ ಆಹ್ವಾನಪತ್ರಿಕೆಗೆ ಹೊಂದಿಸಲಾಗುವುದಿಲ್ಲ. ಅಂದು ಸುರಿದ ಮರಿಗಳಲ್ಲಿ ಎಷ್ಟು ಬದುಕಿದವೆಂದು ಬಂದವರು ಯಾರೂ ಆಮೇಲೆ ಕೇಳಲಿಲ್ಲ. ಕೇಳಬೇಕಾದ ಹೊಣೆಯೂ ಅವರದಾಗಿರಲಿಲ್ಲ.

ಜೊಂಡು ಕೀಳುವ ಉತ್ಸಾಹವು ಇದಕ್ಕಿಂತಲೂ ಕ್ರೂರವಾದುದು. ಸ್ವಚ್ಛತೆಯೆಂದರೆ ಬರಿಯ ನೀರು ಕಾಣುವುದು ಎಂಬ ಸ್ನಾನದ ಮನೆಯ ಕಲ್ಪನೆಯನ್ನು ಕೆರೆಗೆ ಅಂಟಿಸಿದವರು ಅಂಚಿನ ಹುಲ್ಲು, ಆಪು, ನೀರೊಳಗಿನ ಬಳ್ಳಿಗಳೆಲ್ಲವನ್ನೂ ಕಸವೆಂದೇ ಎಣಿಸುತ್ತಾರೆ. ಸಾಮಾನ್ಯ ಗೆಂಡೆಯ ಮೊಟ್ಟೆಗಳು ಅಂಟಂಟಾಗಿ ಆ ಎಲೆಗಳಿಗೇ ಹತ್ತಿಕೊಂಡಿರುತ್ತವೆ, ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ. ಕೊರವ ಮೀನಿನ ಜೋಡಿಯು ಅದೇ ಸಸ್ಯಗಳ ನಡುವೆ ತೆರವು ಮಾಡಿಕೊಂಡು ಗೂಡುಕಟ್ಟಿ ಮರಿಗಳನ್ನು ಕಾಯುತ್ತದೆ. ಗವಸು ತೊಟ್ಟ ನೂರಿಪ್ಪತ್ತು ಕೈಗಳು ಒಂದು ಮುಂಜಾನೆ ಆ ರಾಶಿಯನ್ನು ಎಳೆದು ದಡದ ಮೇಲೆ ಹಾಕಿದರೆ ಒಂದು ತಲೆಮಾರಿನ ಮೀನು ಬಿಸಿಲಿಗೆ ಒಣಗುತ್ತದೆ; ಪಕ್ಕದಲ್ಲಿಯೇ ಅದೇ ಹೊತ್ತಿಗೆ ಇನ್ನೊಂದು ಗುಂಪು ಮೀನುಮರಿ ಬಿಡುತ್ತಿರುತ್ತದೆ. ಅಂತರಗಂಗೆಯನ್ನು ತೆಗೆಯಲೇಬೇಕಾದ ಕಡೆಯೂ, ತೆಗೆದುದನ್ನು ಏರಿಯ ಒಳಮೈಗೆ ಒಟ್ಟಿ ಹೋಗುವುದರಿಂದ ಅದು ಕೊಳೆತು, ಮೊದಲ ಮಳೆಗೆ ತನ್ನ ಸಾರವನ್ನೆಲ್ಲ ಮರಳಿ ನೀರಿಗೇ ಒಪ್ಪಿಸುತ್ತದೆ. ಹೊಳೆಯಲ್ಲಿ ಹುಣಿಸೆಹಣ್ಣು ಕಿವಿಚಿದ ಫಲ.

ಕೆರೆಯ ನಿಜವಾದ ಆಪತ್ತಿನ ವೇಳೆಯಲ್ಲಿ ಸ್ವಯಂಸೇವಕನು ಎಲ್ಲಿರುತ್ತಾನೆಂಬುದನ್ನೂ ವಿಚಾರಿಸಬೇಕು. ಕೊಳಚೆಯಿಂದ ಪುಷ್ಟವಾಗಿ ಹಸಿರುಗಟ್ಟಿದ ನೀರಿನಲ್ಲಿ ಹಗಲೆಲ್ಲ ಪಾಚಿಯು ಆಮ್ಲಜನಕವನ್ನು ಬಿಡುತ್ತದೆ, ರಾತ್ರಿಯೆಲ್ಲ ತಾನೇ ಅದನ್ನು ಉಸಿರಾಡಿ ಮುಗಿಸುತ್ತದೆ. ಸೂರ್ಯೋದಯಕ್ಕೆ ಮುಂಚಿನ ಒಂದೆರಡು ಗಂಟೆಗಳಲ್ಲಿ ನೀರಿನಲ್ಲಿ ಉಳಿದ ಪ್ರಾಣವಾಯು ಅತ್ಯಲ್ಪ. ಆ ಹೊತ್ತಿನಲ್ಲಿ ಏರಿಯ ಮೇಲೆ ನಿಂತರೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುವ ಚಪಚಪ ಸದ್ದು ಕೇಳಿಸುತ್ತದೆ. ಮೀನುಗಾರನಿಗೆ ಅದು ಅಪಾಯದ ಗಂಟೆ: ಇನ್ನೊಂದು ದಿನ ಹೀಗಾದರೆ ಸರಕು ಸತ್ತಿತು. ಬೇಸಗೆಯ ಅಡ್ಡಮಳೆ ಬಂದು ರಾಜಕಾಲುವೆಯಲ್ಲಿ ಕುಳಿತಿದ್ದ ಕೊಳೆಯನ್ನೆಲ್ಲ ಒಮ್ಮೆಗೇ ಕೆರೆಗೆ ನೂಕಿದರಂತೂ ಹೇಳಲೇಬೇಕಾಗಿಲ್ಲ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯ ದಡಕ್ಕೆ ಸಾವಿರಗಟ್ಟಲೆ ಮೀನು ಸತ್ತು ತೇಲಿಬಂದುದನ್ನು ನಗರವೇ ಮೂಗು ಮುಚ್ಚಿಕೊಂಡು ನೋಡಿತು. ಇದನ್ನು ತಡೆಯಲು ಬೇಕಾದುದು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನೀರನ್ನು ಅಳೆಯುವವನು, ಅಳತೆಯನ್ನು ಪುಸ್ತಕದಲ್ಲಿ ಬರೆಯುವವನು, ಒಳಹರಿವಿನ ಬಾಗಿಲನ್ನು ಮುಚ್ಚಿಸುವ ಅಧಿಕಾರವುಳ್ಳವನು. ಸೇವಕರ ಬಸ್ಸು ಬರುವುದು ಎಂಟಕ್ಕೆ. ಆ ಹೊತ್ತಿಗೆ ಬಿಸಿಲೇರಿ ಮೀನು ಕೆಳಗಿಳಿದಿರುತ್ತದೆ, ಕೆರೆಯು ಸರ್ವಾಂಗಸುಂದರವಾಗಿ ಕಾಣುತ್ತದೆ.

ಸದುದ್ದೇಶದ ಹಾನಿಗೆ ಇತಿಹಾಸದಲ್ಲಿ ನಿದರ್ಶನಗಳು ಕಡಿಮೆಯಿಲ್ಲ, ನೀರಿನ ವಿಷಯದಲ್ಲಂತೂ ಹೇರಳ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನು ಇಂದು ಜಗತ್ತಿನ ಅತಿ ಉಪದ್ರವಕಾರಿ ಅನ್ಯಜೀವಿಗಳ ನೂರರ ಪಟ್ಟಿಯಲ್ಲಿದೆ. ಸೊಳ್ಳೆಯನ್ನು ತಿನ್ನುವ ನಮ್ಮ ನಾಡಮೀನುಗಳ ಮೊಟ್ಟೆ ಮರಿಗಳನ್ನೇ ಅದು ತಿನ್ನುತ್ತದೆ. ಅದನ್ನೂ ಗಪ್ಪಿಯನ್ನೂ ಡಬ್ಬಿಗಳಲ್ಲಿ ತಂದು ಕೆರೆಗೆ ಬಿಡುವ ಸೇವೆ ಇಂದಿಗೂ ನಡೆದಿದೆ. ಕಾವೇರಿ ತೀರದವರು ಬಿಳಿಮೀನು ಎನ್ನುವ ಮಹಸೀರಿನ ಕಥೆ ಇನ್ನೂ ಮನನೀಯ. ಗಾಳದ ಮೀನುಗಾರಿಕೆಯಲ್ಲಿ ಆಸಕ್ತರಾದ ಸಜ್ಜನರು, ನದಿ ಬರಿದಾಗುತ್ತಿದೆಯೆಂಬ ಪ್ರಾಮಾಣಿಕ ಕಳವಳದಿಂದ, ಮಹಾರಾಷ್ಟ್ರದ ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರಿನ ಮರಿಗಳನ್ನು ವರ್ಷವರ್ಷವೂ ಕಾವೇರಿಗೆ ಬಿಟ್ಟರು. ಕಾವಲುಗಾರರನ್ನು ನೇಮಿಸಿ ಡೈನಮೈಟು ಹಾಕುವವರನ್ನು ಓಡಿಸಿದರು. ಮೀನು ಹೆಚ್ಚಿತು, ಎಲ್ಲರೂ ಸಂತೋಷಪಟ್ಟರು. ಹೆಚ್ಚಿದುದು ಹೊರಗಿನದು, ಕಾವೇರಿಯದೇ ಆದ ಕಿತ್ತಳೆ ರೆಕ್ಕೆಯ, ಬೆನ್ನಿನ ಮೇಲೆ ಗೂನುಳ್ಳ ಮಹಾಮತ್ಸ್ಯವು ಸದ್ದಿಲ್ಲದೆ ಅಳಿಯುತ್ತಿದೆ ಎಂಬುದು ಬಹುಕಾಲದ ತರುವಾಯ ಲೆಕ್ಕ ಹಾಕಿದವರಿಗೆ ಗೊತ್ತಾಯಿತು. 2018ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮವು ನಿಶ್ಚಯವಾಗುವ ವೇಳೆಗೆ ಅದು ಅಳಿವಿನ ಅಂಚಿನ ಜೀವಿಗಳ ಸಾಲಿನಲ್ಲಿತ್ತು. ಆ ಸಜ್ಜನರು ಮೀನನ್ನು ಬಲ್ಲವರು, ನದಿಯ ದಂಡೆಯಲ್ಲಿ ವರ್ಷಗಟ್ಟಲೆ ಕಳೆದವರು. ಅವರಿಗೇ ಹೀಗಾದ ಮೇಲೆ ಅರ್ಧ ದಿನದ ಸೇವಕರಿಂದ ಹಾನಿಯಿಲ್ಲವೆಂಬ ಧೈರ್ಯ ಯಾವ ಆಧಾರದ್ದು?

ಮೀನಿನಿಂದ ಜಲಾನಯನದ ಕಡೆಗೆ ತಿರುಗಿದರೆ ಕಥೆ ಇನ್ನೂ ವಿಶಾಲವಾಗುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೆಸರಘಟ್ಟಕ್ಕಿಳಿದು, ಶಿವಗಂಗೆಯಿಂದ ಬರುವ ಕುಮುದ್ವತಿಯನ್ನು ತಿಪ್ಪಗೊಂಡನಹಳ್ಳಿಯಲ್ಲಿ ಕೂಡಿಕೊಂಡು ಕಾವೇರಿಯತ್ತ ಸಾಗುವ ಅರ್ಕಾವತಿಯು ನಮ್ಮ ಮನೆಬಾಗಿಲಿನ ನದಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಕೆರೆಯಿಂದ ನಗರಕ್ಕೆ ನೀರು ತರುವ ಏರ್ಪಾಡಾಯಿತು. ಇಟ್ಟಿಗೆಯ ಕಾಲುವೆಯಲ್ಲಿ ಹರಿದುಬಂದ ನೀರನ್ನು ಸೋಲದೇವನಹಳ್ಳಿಯ ಯಂತ್ರಾಗಾರದಿಂದ ಮಲ್ಲೇಶ್ವರದ ಕಡೆಗೆ ಏರಿಸುತ್ತಿದ್ದರು. 1925ರ ಸುಮಾರಿನಲ್ಲಿ ಆ ಕೆರೆ ಬತ್ತಿದಾಗ ಮುಂದಿನ ಪ್ರಯತ್ನವಾಗಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು 1933ರಲ್ಲಿ ಎದ್ದಿತು. ಸುಮಾರು 1,450 ಚದರ ಕಿಲೋಮೀಟರುಗಳ ಜಲಾನಯನವಿದ್ದ ಆ ಜಲಾಶಯವೂ ನಮ್ಮ ಕಣ್ಣೆದುರಿನಲ್ಲಿಯೇ ಸೊರಗಿಹೋಯಿತು. ಏಕೆ ಸೊರಗಿತೆಂದು ಕೇಳಿದರೆ ಮಳೆ ಕಡಿಮೆಯಾಗಿದೆ, ಕಾಡು ಕಡಿದರು, ಹೂಳು ತುಂಬಿತು ಎಂಬ ಸಿದ್ಧ ಉತ್ತರಗಳು ಬರುತ್ತವೆ. ಸಸಿ ನೆಡಿ, ತಡೆ ಒಡ್ಡು ಕಟ್ಟಿ, ಇಂಗುಗುಂಡಿ ತೋಡಿ ಎಂಬ ಸಿದ್ಧ ಪರಿಹಾರಗಳೂ ಅವುಗಳ ಹಿಂದೆಯೇ ಬರುತ್ತವೆ. ನಮ್ಮ ಜಕ್ಕೂರಿನ ಬಳಿಯೇ ಇರುವ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಈ ಪ್ರಶ್ನೆಯನ್ನು ವಿಧಿವತ್ತಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯೇ ಮಾತನ್ನು ಹೇಳಿತು. ಮಳೆಯಲ್ಲಿ ಈ ಪ್ರಮಾಣದ ಕುಸಿತಕ್ಕೆ ಕಾರಣವಾಗುವಂಥ ವ್ಯತ್ಯಾಸವಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದುದು, ನೀಲಗಿರಿ ತೋಪುಗಳು ಹಬ್ಬಿದುದು, ಇವೇ ಮುಖ್ಯ ಕಾರಣಗಳು. ಹಳ್ಳಗಳಿಗೆ ಅಡ್ಡಲಾಗಿ ಎದ್ದ ಒಡ್ಡುಗಳೂ ತಮ್ಮ ಪಾಲಿನ ನೀರನ್ನು ಮೇಲೆಯೇ ಹಿಡಿದುಕೊಂಡವು.

ಇದರ ಅರ್ಥವನ್ನು ಯೋಚಿಸಿ. ನೀಲಗಿರಿಯು ತಾನಾಗಿ ಹಬ್ಬಲಿಲ್ಲ. ನಂದಿಯ ಮೇಲೆ ಟಿಪ್ಪುವಿನ ಕಾಲದಲ್ಲಿ ಅಪರೂಪದ ಗಿಡವಾಗಿ ಬಂದ ಈ ಮರವನ್ನು 1980ರ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಸೇವಾಕಾರ್ಯದ ಹೆಸರಿನಲ್ಲಿ ಹೊಲಹೊಲಕ್ಕೂ ತಲುಪಿಸಲಾಯಿತು. ಅದನ್ನು ವಿರೋಧಿಸಿ ಸಸಿ ಕಿತ್ತ ರೈತರನ್ನು ಅಂದು ಪ್ರಗತಿವಿರೋಧಿಗಳೆಂದರು. 2017ರಲ್ಲಿ ಅದೇ ಸರಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಒಂದು ಪೀಳಿಗೆಯ ಸದುದ್ದೇಶದ ಗುದ್ದಲಿ ತೋಡಿದುದನ್ನು ಮುಂದಿನ ಪೀಳಿಗೆಯ ಸದುದ್ದೇಶದ ಗುದ್ದಲಿ ಮುಚ್ಚಲು ಹೊರಟಿದೆ, ಅಷ್ಟೇ. ಹೆಸರಘಟ್ಟದ ಹುಲ್ಲುಗಾವಲನ್ನು ನೋಡಿದ ಕೂಡಲೇ ನಗರದ ಸೇವಕನಿಗೆ ಅದು ಬರಡಾಗಿ ಕಂಡು ಸಸಿ ನೆಡಬೇಕೆನಿಸುತ್ತದೆ. ಆ ಹುಲ್ಲೇ ಆ ಕೆರೆಯ ಜಲಾನಯನದ ಹೊದಿಕೆ, ಅಲ್ಲಿ ಮರ ನೆಡುವುದೆಂದರೆ ನೆಲೆಸಿದ ಒಂದು ಜೀವಲೋಕವನ್ನು ಕೀಳುವುದು ಎಂಬುದನ್ನು ತಿಳಿಯಹೇಳಲು ಹಕ್ಕಿ ನೋಡುವ ಕೆಲವರು ವರ್ಷಗಟ್ಟಲೆ ಹೆಣಗಬೇಕಾಯಿತು. ಅಷ್ಟಾಗಿಯೂ, ಕೊಳವೆಬಾವಿಗಳಿಗೆ ಮಿತಿ ಹಾಕುವ ಕಠಿಣ ಕಾರ್ಯಕ್ಕೆ, ಲೋಹಲೇಪನದ ಘಟಕಗಳ ನೀರು ಎತ್ತ ಹರಿಯುತ್ತದೆಂದು ಹಿಂಬಾಲಿಸಿ ನೋಡುವ ಅಪ್ರಿಯ ಕಾರ್ಯಕ್ಕೆ ಯಾವ ಸೇವಾಶಿಬಿರವೂ ಸ್ವಯಂಸೇವಕರನ್ನು ಕಳುಹಿಸಿದುದನ್ನು ನಾನು ಕಾಣೆ. ತಿಪ್ಪಗೊಂಡನಹಳ್ಳಿಯ ಜಲಾನಯನದ ರಕ್ಷಣೆಗೆಂದು 2003ರಲ್ಲಿಯೇ ಸರಕಾರದ ಆಜ್ಞೆ ಹೊರಟಿತ್ತು. ಆ ಆಜ್ಞೆಯ ಪ್ರತಿಯೊಂದನ್ನು ಓದಿ, ತನ್ನ ಊರಿನ ಹಳ್ಳದ ಅಂಚಿನಲ್ಲಿ ಅದು ಪಾಲನೆಯಾಗಿದೆಯೇ ಎಂದು ನೋಡಿ ಬರುವ ವಿದ್ಯಾರ್ಥಿಗೆ ಎಷ್ಟು ಅಂಕ ಕೊಡುತ್ತಾರೆ?

ಜಕ್ಕೂರು ಕೆರೆಯ ಉದಾಹರಣೆಯನ್ನು ನನ್ನ ಮುಂದೆ ಹಿಡಿಯುವವರಿದ್ದಾರೆ. ಅದು ನನ್ನ ಪಕ್ಷದ ಸಾಕ್ಷಿ. ಆ ಕೆರೆ ಬದುಕಿರುವುದಕ್ಕೆ ಮೊದಲ ಕಾರಣ ಅದರ ತಲೆಯ ಮೇಲಿರುವ, ದಿನಕ್ಕೆ 10 ದಶಲಕ್ಷ ಲೀಟರು ಕೊಳಚೆಯನ್ನು ಶುದ್ಧಿಮಾಡುವ ಸಾಮರ್ಥ್ಯದೊಡನೆ ಜಲಮಂಡಳಿಯು ಕಟ್ಟಿದ ಘಟಕ. ಎರಡನೆಯದು ಅಲ್ಲಿಂದ ಹೊರಟ ನೀರನ್ನು ಸೋಸುವ ಜೌಗುನೆಲದ ಜೊಂಡು, ಅಂದರೆ ನಮ್ಮ ಸೇವಕರು ಕಿತ್ತುಹಾಕುವ ವಸ್ತು. ಮೂರನೆಯದು ಅಲ್ಲಿಯೇ ಮನೆ ಮಾಡಿ ಪ್ರತಿದಿನ ಏರಿಯ ಮೇಲೆ ನಡೆದು, ಕಚೇರಿಗಳಿಗೆ ಅಲೆದು, ಮೀನುಗಾರರೊಡನೆ ಜಗಳವಾಡಿ ರಾಜಿಯಾಗಿ ಉಳಿದ ನೆರೆಹೊರೆಯವರು. ಸಂಬಳದ ಯಂತ್ರಚಾಲಕನೂ ಜೀವನೋಪಾಯದ ಬೆಸ್ತನೂ ನೆರೆಮನೆಯ ಪಿಂಚಣಿದಾರನೂ ಸೇರಿ ಕೆರೆಯನ್ನು ಉಳಿಸಬಲ್ಲರು. ಅವರಲ್ಲಿ ಯಾರೂ ನಿಯೋಜನೆಯ ಮೇಲೆ ಬಂದವರಲ್ಲ.

ಹೊರಗಿನಿಂದ ಬಂದವನಿಂದ ಏನೂ ಸಾಧ್ಯವಿಲ್ಲವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. 1961ರಲ್ಲಿ ಕೆನಡಿಯವರು ಸ್ಥಾಪಿಸಿದ ಅಮೆರಿಕದ ಶಾಂತಿದಳದವರು ಮಧ್ಯ ಆಫ್ರಿಕಾದ ಅಂದಿನ ಝೈರ್ ದೇಶದ ಹಳ್ಳಿಗಳಲ್ಲಿ ತಿಲಾಪಿಯ ಮೀನಿನ ಕೊಳಗಳನ್ನು ಮಾಡಿಸಿದರು. ಆ ದಳದ ಹಿಂದಿನ ರಾಜಕೀಯವನ್ನು ಕುರಿತು ಹೇಳಬಹುದಾದುದು ಬಹಳವಿದೆ, ಅದು ಇಲ್ಲಿ ಬೇಡ. ಆದರೆ ಆ ಹುಡುಗರು ಮೊದಲು ಮೀನುಸಾಕಣೆ ಕಲಿತರು, ಆ ಜನದ ಭಾಷೆ ಕಲಿತರು, ಎರಡು ವರ್ಷ ಅದೇ ಊರುಗಳಲ್ಲಿ ಅವರು ಉಂಡುದನ್ನೇ ಉಂಡು ಬಾಳಿದರು. ಗುದ್ದಲಿ ಹಿಡಿದು ಕೊಳ ತೋಡಿದವನು ಆ ಹಳ್ಳಿಯ ರೈತ, ಮೀನೂ ಅವನದು. ನಾವು ಆ ಎರಡು ವರ್ಷವನ್ನು ಎರಡು ಗಂಟೆಗೆ ಇಳಿಸಿ, ರೈತನನ್ನು ಚಿತ್ರದಿಂದ ಹೊರಗಿಟ್ಟು, ಸೇವೆಯೆಂಬ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಇನ್ನು ಎಚ್ಚರ ಹುಟ್ಟುತ್ತದೆಂಬ ವಾದ. ಹುಟ್ಟುವುದು ಎಚ್ಚರವೋ ತೃಪ್ತಿಯೋ ಎಂಬುದು ನನ್ನ ಸಂದೇಹ. ಬೆವರು ಸುರಿಸಿ ಹಿಂದಿರುಗುವ ತರುಣನ ಮುಖದಲ್ಲಿ ನಾನು ಕಾಣುವುದು ಋಣ ತೀರಿತೆಂಬ ಸಮಾಧಾನ. ಅವನ ವಸತಿ ಸಮುಚ್ಚಯದ ಶೌಚದ ನೀರು ಯಾವ ಕಾಲುವೆಯಲ್ಲಿ ಬೀಳುತ್ತದೆ, ಅವನ ಮನೆಗೆ ಬರುವ ಟ್ಯಾಂಕರ್ ಯಾವ ಹಳ್ಳಿಯ ಕೊಳವೆಬಾವಿಯದು ಎಂದು ಅವನು ಅಂದು ಸಂಜೆ ವಿಚಾರಿಸುವುದಿಲ್ಲ; ವಿಚಾರಿಸಬೇಕೆಂದು ಯಾರೂ ಅವನಿಗೆ ಹೇಳಿಕೊಡಲೂ ಇಲ್ಲ. ಕೆರೆಯ ಹೊಣೆಹೊತ್ತ ಅಧಿಕಾರಿಗಂತೂ ಇದು ಪರಮಾನುಕೂಲ. ಕಾಯಂ ಕಾವಲುಗಾರನ ಹುದ್ದೆ ಏಕೆ ಖಾಲಿಯಿದೆಯೆಂದು ಕೇಳಿದರೆ ನಾಗರಿಕರ ಸಹಭಾಗಿತ್ವವನ್ನು ಪ್ರೋತ್ಸಾಹಿಸುತ್ತಿದ್ದೇವೆಂಬ ಉತ್ತರ ಸಿದ್ಧವಾಗಿರುತ್ತದೆ.

ನಿಯೋಜನೆ ಬೇಕೇಬೇಕೆನ್ನುವವರಿಗೆ ನನ್ನ ಪ್ರತಿಸೂಚನೆಯಿದೆ. ಒಂದು ಕೆರೆಗೆ ಅರುವತ್ತು ಜನರನ್ನು ಒಂದು ದಿನ ಕಳುಹಿಸುವ ಬದಲು ಇಬ್ಬರನ್ನು ಒಂದು ಮುಂಗಾರಿನಿಂದ ಮುಂದಿನ ಮುಂಗಾರಿನವರೆಗೆ ಕಳುಹಿಸಿರಿ, ಸಂಬಳ ಕೊಟ್ಟು ಕಳುಹಿಸಿರಿ. ಅವರು ಕೆರೆಯ ಸಮೀಪದಲ್ಲಿಯೇ ಕೊಠಡಿ ಹಿಡಿಯಲಿ. ಬೆಳಗಿನ ಜಾವದ ಅಳತೆ, ಮಳೆಯ ದಿನದ ಒಳಹರಿವಿನ ದಾಖಲೆ, ಯಾವ ಮೋರಿಯಿಂದ ಯಾವ ಬಣ್ಣದ ನೀರು ಎಷ್ಟು ಹೊತ್ತಿಗೆ ಬಂತೆಂಬ ಟಿಪ್ಪಣಿ, ಬಿಟ್ಟ ಮರಿಗಳ ಎಣಿಕೆ, ಹಿಡಿದ ಮೀನಿನ ತೂಕ, ಕಚೇರಿಗೆ ಕೊಟ್ಟ ಅರ್ಜಿ, ಅದಕ್ಕೆ ಬಂದ ಅಥವಾ ಬಾರದ ಉತ್ತರ, ಇಷ್ಟೂ ಅವರ ಪುಸ್ತಕದಲ್ಲಿರಲಿ. ಇದರಲ್ಲಿ ಚಿತ್ರ ತೆಗೆಸಿಕೊಳ್ಳಲು ಯೋಗ್ಯವಾದುದು ಒಂದೂ ಇಲ್ಲ. ವರ್ಷ ಮುಗಿದಾಗ ಅವರ ಪ್ರಮಾಣಪತ್ರಕ್ಕೆ ಕಾಲೇಜಿನ ಪ್ರಾಂಶುಪಾಲರೂ ಕಂಪನಿಯ ಅಧಿಕಾರಿಯೂ ಸಹಿ ಹಾಕುವುದು ಬೇಡ. ಆ ಕೆರೆಯ ಮೀನಿನ ಗುತ್ತಿಗೆ ಹಿಡಿದ ಸಹಕಾರ ಸಂಘದವರು, ಇಂಥವನು ವರ್ಷವಿಡೀ ಇದ್ದನು, ನಮ್ಮ ಮಾತು ಕೇಳಿದನು, ಕೆರೆಗೆ ಕೇಡು ಮಾಡಲಿಲ್ಲ ಎಂದು ಬರೆದು ಹೆಬ್ಬೆಟ್ಟನ್ನೋ ಸಹಿಯನ್ನೋ ಒತ್ತಲಿ. ಈ ಷರತ್ತಿಗೆ ಹೆಸರಘಟ್ಟ ರಸ್ತೆಯ ಎಷ್ಟು ಕಾಲೇಜುಗಳು ಒಪ್ಪುತ್ತವೆಯೋ ಕೇಳಿ ನೋಡಬೇಕು.